ಅಂಗಳಕ್ಕೆ ಸುರುವಿದ ಗಾಳಿ

ಆ ದಿನ ಗುರುವಾರ. ದೀಪಾವಳಿ ಮುಗಿದು ಎರಡು ವಾರವಾಗಿತ್ತು. ಮುಂಜಾನೆ ಎಂಟರ ಹೊತ್ತಿಗೆ ನನ್ನ ಗಂಡ ಕ್ಯಾನನ್ನು ಬೈಕಿನ ಹಿಂದಿನ ಸೀಟಿಗೆ ಕಟ್ಟಿದರು. ಹಳೆಯ ಸೈಕಲ್ ಟ್ಯೂಬ್ ಸೀಳಿ ಮಾಡಿದ ಪಟ್ಟಿ, ಎರಡು ಸುತ್ತು, ಮೇಲೊಂದು ಗಂಟು. ಗಂಟನ್ನು ಎಳೆದು ನೋಡಿ, "ಬರ್ತೇನಿ" ಎಂದು ಹೇಳಿ ಹತ್ತಿರದ ಹಳ್ಳಿ ಮುಗದಕ್ಕೆ ಹೋದರು. ನಾನು ಒಲೆಯ ಮುಂದಿದ್ದೆ. ತಿರುಗಿ ನೋಡಲಿಲ್ಲ. ಹದಿನೆಂಟು ವರ್ಷ ದಿನಾಲೂ ಹಾಗೆಯೇ ಹೋಗಿ ಬರುತ್ತಿದ್ದವರನ್ನು ಅಂದು ಮಾತ್ರ ತಿರುಗಿ ನೋಡುವ ಕಾರಣ ಇರಲಿಲ್ಲ.

ನನ್ನ ಗಂಡ ಎಮ್ಮೆ, ಆಕಳುಗಳಿಗೆ ಗರ್ಭ ಕಟ್ಟಿಸುವ ಕೆಲಸ ಮಾಡುತ್ತಿದ್ದರು. ಕೆಲಗೇರಿಯ ನಮ್ಮ ಮನೆಯಿಂದ ಹೊರಟು ಸುತ್ತಲಿನ ಹಳ್ಳಿಗಳನ್ನೆಲ್ಲ ತಿರುಗುತ್ತಿದ್ದರು. ಹಳ್ಳಿಯ ಜನ ಡಾಕ್ಟರ್ ಎಂದೇ ಕರೆಯುತ್ತಿದ್ದರು. "ನಾ ಡಾಕ್ಟರ್ ಅಲ್ರಿ, ಬರೇ ತರಬೇತಿ ಆದಾಂವ" ಎಂದು ಇವರು ಪ್ರತಿ ಸಲ ಹೇಳುತ್ತಿದ್ದರು. ಯಾರೂ ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ. ಆ ಕ್ಯಾನಿನೊಳಗೆ ಹೋರಿ, ಕೋಣಗಳ ಬೀಜವನ್ನು ತುಂಬಿದ ತೆಳ್ಳನೆಯ ಪ್ಲಾಸ್ಟಿಕ್ ಕೊಳವೆಗಳು ಇರುತ್ತಿದ್ದವು. ನಮ್ಮ ಮನೆಯಲ್ಲಿ ಅವುಗಳಿಗೆ ಕಡ್ಡಿ ಎನ್ನುತ್ತಿದ್ದೆವು. ಕಡ್ಡಿಗಳು ಮುಳುಗಿರುವುದು ದ್ರವವಾದ ನೈಟ್ರೋಜನ್ನಿನಲ್ಲಿ. ನಾವು ಉಸಿರಾಡುವ ಗಾಳಿಯಲ್ಲಿ ಐದರಲ್ಲಿ ನಾಲ್ಕು ಪಾಲು ಇರುವುದು ಅದೇ. ಅದನ್ನು ಸೊನ್ನೆಗಿಂತ ನೂರಾ ತೊಂಬತ್ತಾರು ಡಿಗ್ರಿ ಕೆಳಕ್ಕೆ ತಣ್ಣಗೆ ಮಾಡಿದರೆ ನೀರಿನ ಹಾಗೆ ಆಗುತ್ತದೆ. ಅದರಲ್ಲಿ ಮುಳುಗಿರುವ ತನಕ ಬೀಜ ಎಷ್ಟು ವರ್ಷವಾದರೂ ಬದುಕಿರುತ್ತದೆ. ದ್ರವ ಆರಿದರೆ ಸತ್ತಿತು.

ಮಧ್ಯಾಹ್ನ ಬಂದವರು ಕ್ಯಾನನ್ನು ಪಡಸಾಲೆಯ ಮೂಲೆಯಲ್ಲಿಟ್ಟು, ಕೈ ತೊಳೆಯುವ ಮೊದಲೇ ಅದರ ಬೂಚು ತೆಗೆದು ಕಟ್ಟಿಗೆಯ ಅಳತೆಪಟ್ಟಿಯನ್ನು ಒಳಗೆ ಇಳಿಸಿದರು. ಹತ್ತರ ತನಕ ಎಣಿಸಿ ಹೊರಗೆ ತೆಗೆದು ಗಾಳಿಯಲ್ಲಿ ಬೀಸಿದರು. ಪಟ್ಟಿಯ ಎಷ್ಟು ಭಾಗ ದ್ರವದಲ್ಲಿ ಮುಳುಗಿತ್ತೋ ಅಷ್ಟಕ್ಕೆ ಮಾತ್ರ ಬೆಳ್ಳಗೆ ಹಿಮ ಹತ್ತುತ್ತದೆ. ಅದೇ ಅಳತೆ.

"ಆರ ಇಂಚ" ಎಂದರು. ನಾನು ಕ್ಯಾಲೆಂಡರಿನಲ್ಲಿ ಆರು ಎಂದು ಬರೆದೆ. ಅದು ನನ್ನ ಕೆಲಸ.

"ಮುಗದದಾಗ ಏನಾತ್ರಿ?" ಎಂದೆ.

"ಏನೂ ಇಲ್ಲ. ಬೆದಿ ಬಂದಿಲ್ಲ. ಎಮ್ಮಿ ಒದರಿದ್ದು ಹಸಿವಿಗೆ. ಮುದುಕಿಗೆ ಅವಸರ."

"ಅಂದ್ರ ಹೋಗಿ ಬಂದದ್ದು ದಂಡ."

"ದಂಡ ಯಾಕ? ತಂಬಗಿ ತುಂಬ ಮಜ್ಜಿಗಿ ಕೊಟ್ಲು."

ಮುಗದದ ಆ ಮುದುಕಿಯ ಹತ್ತಿರ ಇದ್ದದ್ದು ನಮ್ಮ ಕಡೆಯ ಜಾತಿಯ ಎಮ್ಮೆ, ಕುಡಗೋಲಿನ ಹಾಗೆ ಬಾಗಿದ ಕೋಡಿನದು. ಅದಕ್ಕೆ ಅದೇ ಜಾತಿಯ ಕೋಣದ ಬೀಜವೇ ಬೇಕು, ಹೊರಗಿನದು ಬೇಡ ಎಂದು ಅವಳ ಹಟ. ಅಂಥ ಒಂದು ಒಳ್ಳೆಯ ಕೋಣ ಇತ್ತು. ಅದು ಸತ್ತು ಒಂದು ವರ್ಷವಾಗಿತ್ತು. ಅದರ ಬೀಜದ ಮೂರು ಕಡ್ಡಿಗಳು ಮಾತ್ರ ಉಳಿದಿದ್ದವು, ಮೂರೂ ನಮ್ಮ ಕ್ಯಾನಿನಲ್ಲಿ.

"ಮೂರೂ ಅಕಿ ಎಮ್ಮಿಗೇ ಇಟ್ಟೇನಿ," ಎಂದರು ರೊಟ್ಟಿ ಮುರಿಯುತ್ತ. "ಬ್ಯಾರೆ ಯಾರ ಕೇಳಿದ್ರೂ ಇಲ್ಲ ಅಂತೇನಿ. ಮಾತ ಕೊಟ್ಟೇನಿ."

ಸಂಜೆ ಕೆರೆಯ ಕಡೆಗೆ ಹೋಗಿ ಬಂದರು. ಪಿಯುಸಿ ಎರಡನೆಯ ವರ್ಷದಲ್ಲಿದ್ದ ಮಗಳ ಜೊತೆ ಯಾವುದೋ ಲೆಕ್ಕದ ಬಗ್ಗೆ ವಾದ ಮಾಡಿದರು, ಸೋತರು. ಸೋತದ್ದಕ್ಕೆ ಖುಷಿಯಾಗಿದ್ದರು. ಅಷ್ಟೇ ಆ ದಿನ.

ಶುಕ್ರವಾರ ಮುಂಜಾನೆ ಹಲ್ಲು ಉಜ್ಜುತ್ತಿದ್ದವರು ಎದೆ ಹಿಡಿದುಕೊಂಡು ಕಟ್ಟೆಯ ಮೇಲೆ ಕುಳಿತರು. ಓಣಿಯವರ ಕಾರಿನಲ್ಲಿ ಸತ್ತೂರಿಗೆ ಹೊರಟೆವು. ದವಾಖಾನೆ ಮುಟ್ಟುವ ಮೊದಲೇ ನನ್ನ ಕೈಯೊಳಗಿನ ಅವರ ಕೈ ಬೇರೆಯಾಗಿತ್ತು. ಅದನ್ನು ಬೇರೆ ಹೇಗೆ ಬರೆಯುವುದೋ ನನಗೆ ತಿಳಿಯದು. ಅವರಿಗೆ ನಲವತ್ತೊಂಬತ್ತು.

*

ನಾನು ಕಲಿತದ್ದು ಹತ್ತನೆಯ ಇಯತ್ತೆಯ ತನಕ. ವಿಜ್ಞಾನದಲ್ಲಿ ಹೇಗೋ ದಾಟಿಕೊಂಡವಳು. ಗಾಳಿ ಎಂದರೆ ನನಗೆ ಕಣ್ಣಿಗೆ ಕಾಣದ್ದು, ಬಟ್ಟೆ ಒಣಗಿಸುವುದು, ಇಷ್ಟೇ ಇತ್ತು. ಮದುವೆಯಾದ ಹೊಸತರಲ್ಲಿ ಅವರು ಮೊದಲ ಸಲ ಕ್ಯಾನನ್ನು ಮನೆಗೆ ತಂದಾಗ ನಾನು ಹತ್ತಿರ ಹೋಗಲಿಲ್ಲ. ಬೂಚಿನ ಸಂದಿಯಿಂದ ಬೆಳ್ಳನೆಯ ಹೊಗೆ ಇಳಿದು ನೆಲದ ಮೇಲೆ ಹರಿಯುತ್ತಿತ್ತು. ಒಲೆಯ ಹೊಗೆ ಮೇಲಕ್ಕೆ ಹೋಗುತ್ತದೆ, ಇದು ಕೆಳಕ್ಕೆ ಬರುತ್ತಿತ್ತು.

"ಇದು ಹೊಗಿ ಅಲ್ಲ, ಮಂಜು," ಎಂದರು. "ಒಳಗಿನ ಥಂಡಿಗೆ ಹೊರಗಿನ ಗಾಳ್ಯಾಗಿನ ನೀರಿನಾಂಶ ಮಂಜಾಗಿ ಕಾಣತೈತಿ. ನೈಟ್ರೋಜನ್ ಕಣ್ಣಿಗೆ ಕಾಣಂಗಿಲ್ಲ."

"ಬೂಚ ಗಟ್ಟಿ ಹಾಕ್ರಿ ಮತ್ತ, ಎಲ್ಲಾ ಹೊಂಟೈತಿ."

"ಗಟ್ಟಿ ಹಾಕಿದ್ರ ಕ್ಯಾನ ಒಡೀತೈತಿ. ಒಂದು ಲೋಟ ದ್ರವ ಗಾಳಿ ಆದ್ರ ಏಳನೂರ ಲೋಟ ಆಗತೈತಿ. ಹೋಗೂದನ್ನ ಹೋಗಾಕ ಬಿಡಬೇಕು."

ಆಮೇಲೆ ನನ್ನನ್ನು ಅಂಗಳಕ್ಕೆ ಕರೆದು ಒಂದಿಷ್ಟು ದ್ರವವನ್ನು ನೆಲದ ಮೇಲೆ ಚೆಲ್ಲಿ ತೋರಿಸಿದರು. ನಾನು ಇವತ್ತಿಗೂ ಮರೆತಿಲ್ಲ. ಅದು ನೀರಿನ ಹಾಗೆ ಹರಡಿ ಇಂಗಲಿಲ್ಲ. ಮಣಿಗಳಾಗಿ ಒಡೆದು, ನೆಲವನ್ನು ಮುಟ್ಟದವುಗಳ ಹಾಗೆ, ಧೂಳನ್ನು ಮುಂದೆ ತಳ್ಳಿಕೊಂಡು ಓಡಿತು. ಗೋಡೆಯ ತನಕ ಹೋಗುವಷ್ಟರಲ್ಲಿ ಇಲ್ಲವಾಯಿತು. ನಾನು ಬಾಗಿ ಕೈಯಿಂದ ನೆಲ ಮುಟ್ಟಿ ನೋಡಿದೆ. ಒಣಗಿತ್ತು.

"ಎಲ್ಲಿ ಹೋತ್ರಿ?"

"ನಿನ್ನ ಮೂಗಿನ ಮುಂದೇ ಐತಿ. ಈಗ ಉಸರ ತಗೊಂಡಿಯಲ್ಲ, ಅದರಾಗ."

ಅವರು ಪಿಯುಸಿಯಲ್ಲಿ ವಿಜ್ಞಾನ ಓದಿದ್ದರು. ಮುಂದೆ ಓದಲಾಗಲಿಲ್ಲ. ಆದರೆ ಕಲಿತಷ್ಟನ್ನು ಬಿಟ್ಟುಕೊಟ್ಟಿರಲಿಲ್ಲ. ಅಡುಗೆಯ ಗ್ಯಾಸ್ ಸಿಲಿಂಡರ್ ಬಂದಾಗ ಅದನ್ನು ಅಲ್ಲಾಡಿಸಿ, ಒಳಗೆ ತುಳುಕುವ ಸಪ್ಪಳ ನನಗೆ ಕೇಳಿಸುತ್ತಿದ್ದರು. "ಇದೂ ಗಾಳೀನ. ಆದ್ರ ಇದಕ್ಕ ಒತ್ತಿದರ ಸಾಕು, ದ್ರವ ಆಗತೈತಿ. ನೈಟ್ರೋಜನ್‌ಗೆ ಬರೇ ಒತ್ತಿದ್ರ ಆಗಂಗಿಲ್ಲ. ಎಷ್ಟ ಒತ್ತಿದ್ರೂ ಆಗಂಗಿಲ್ಲ. ಮೊದಲ ತಣ್ಣಗ ಆಗಬೇಕು." ಯಾಕೆ ಹಾಗೆ ಎಂದು ನಾನು ಕೇಳಲಿಲ್ಲ. ಒಗ್ಗರಣೆ ಹೊತ್ತುತ್ತಿತ್ತು.

*

ನಮ್ಮಲ್ಲಿ ಒಂದು ರೂಢಿ ಇದೆ. ಮಣ್ಣು ಮಾಡಿ ಬಂದ ಮೇಲೆ ಮನೆಯಲ್ಲಿ ತುಂಬಿಟ್ಟ ನೀರನ್ನೆಲ್ಲ ಚೆಲ್ಲಿ, ಪಾತ್ರೆಗಳನ್ನು ತೊಳೆದು, ಹೊಸ ನೀರು ತರಬೇಕು. ಅವರ ದೊಡ್ಡವ್ವ ಬಂದಿದ್ದರು. ಎಂಬತ್ತರ ಹತ್ತಿರದ ಹೆಂಗಸು, ಆದರೆ ಕೈಕಾಲು ಗಟ್ಟಿ. ನನ್ನ ಗಂಡನಿಗೆ ತಾಯಿ ಇರಲಿಲ್ಲ; ಸಾಕಿ ಬೆಳೆಸಿದವರು ಈ ದೊಡ್ಡವ್ವನೇ. ನಾನು ಗೋಡೆಗೆ ಆತು ಕುಳಿತಿದ್ದೆ. ದೊಡ್ಡವ್ವ ಅಳುತ್ತಲೇ ಹಂಡೆ, ಕೊಡ, ಬಕೆಟ್ ಎಲ್ಲವನ್ನೂ ಚೆಲ್ಲಿಸಿದರು. ಫ್ರಿಜ್ಜಿನೊಳಗಿನ ಬಾಟಲಿಗಳನ್ನೂ ಬಿಡಲಿಲ್ಲ. ಕೊನೆಗೆ ಪಡಸಾಲೆಯ ಮೂಲೆಗೆ ಬಂದು ಕ್ಯಾನನ್ನು ಅಲ್ಲಾಡಿಸಿದರು. ತುಳುಕಿತು.

ಅದನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಅಂಗಳಕ್ಕೆ ನಡೆದರು. ಮಗಳು ಹಿತ್ತಲಿನಿಂದ ನೋಡಿ ಓಡಿ ಬಂದಳು.

"ಆಯಿ, ಬ್ಯಾಡ. ಅದು ನೀರಲ್ಲ."

"ನೀರಲ್ಲದ ಮತ್ತೇನ? ತುಳುಕತೈತಿ."

"ಅದು ಅಪ್ಪಂದು, ಆಯಿ."

"ಅವಂದ ಐತಿ ಅಂತನ ಚೆಲ್ಲೂದು, ಬಾಳಾ. ಹಳೇದು ಇಡಬಾರದು."

ಅಷ್ಟರಲ್ಲಿ ಬೂಚು ಬಿದ್ದಿತ್ತು, ಕ್ಯಾನು ವಾಲಿತ್ತು. ಬೆಳ್ಳನೆಯ ಮಂಜು ಒಮ್ಮೆಲೆ ಎದ್ದು ಅಂಗಳದ ತುಂಬ ಮೊಣಕಾಲಿನ ಮಟ್ಟಕ್ಕೆ ಹರಡಿತು. ಹೆಂಗಸರು ಹಿಂದೆ ಸರಿದರು. ಅದರೊಳಗಿಂದ ಮಣಿಗಳು ಕಡಲೆಕಾಳು ಚೆಲ್ಲಿದ ಹಾಗೆ ಉರುಳಿ, ಹೊಸ್ತಿಲ ಮುಂದೆ ಬಿಟ್ಟ ಚಪ್ಪಲಿಗಳ ಸಂದಿಯಲ್ಲಿ ಹಾಯ್ದು, ಗೋಡೆಯ ಕಡೆಗೆ ಓಡಿದವು. ಅಳುತ್ತಿದ್ದವರೂ ನಿಲ್ಲಿಸಿದ್ದರು. ಸ್ವಲ್ಪ ಹೊತ್ತಿಗೆ ಮಂಜು ತೆಳುವಾಗಿ ಹೋಯಿತು. ಹಂಡೆಯ ನೀರು ಚೆಲ್ಲಿದ ಕಡೆ ಕೆಸರಾಗಿತ್ತು. ಕ್ಯಾನಿನದು ಚೆಲ್ಲಿದ ಕಡೆ ನೆಲ ಒದ್ದೆಯೂ ಆಗಿರಲಿಲ್ಲ.

ದೊಡ್ಡವ್ವ ಬಾಗಿ ನೆಲ ಮುಟ್ಟಿ ನೋಡಿದರು. ಹದಿನೆಂಟು ವರ್ಷದ ಹಿಂದೆ ನಾನು ಮುಟ್ಟಿದ ಹಾಗೆಯೇ. "ಯವ್ವಾ, ಏನ ಚೆಲ್ಲಿದ್ನಿ ನಾ?" ಎಂದರು, ಬಹಳ ಸಣ್ಣ ದನಿಯಲ್ಲಿ.

ಮಗಳು ಕ್ಯಾನನ್ನು ಕಸಿದುಕೊಂಡು ನೆಟ್ಟಗೆ ಮಾಡಿದ್ದಳು. ಕಡ್ಡಿಗಳಿದ್ದ ಡಬ್ಬಿ ಕ್ಯಾನಿನ ಬಾಯಿಯ ತನಕ ಜಾರಿ ಬಂದಿತ್ತಂತೆ. ಎಷ್ಟು ಹೊತ್ತು ಹಾಗಿತ್ತು, ಅವಳಿಗೂ ಹೇಳಲಾಗಲಿಲ್ಲ. ಒಳಕ್ಕೆ ಬಿಟ್ಟು, ಪಟ್ಟಿ ಇಳಿಸಿ ತೆಗೆದು ಬೀಸಿದಳು. ಒಂದು ಬೆರಳಿನ ಅಗಲದಷ್ಟು ಹಿಮ. ಎರಡು ಇಂಚಿಗಿಂತ ಕೆಳಗೆ ಇಳಿಯಗೊಡಬಾರದು ಎಂದು ಅವರು ಹೇಳುತ್ತಿದ್ದರು.

ಆ ಹೊತ್ತಿಗೆ ನಾನು ಗೋಡೆಯಿಂದ ಎದ್ದೆ. ಅಂದು ಮುಂಜಾನೆಯಿಂದ ನಾನಾಗಿ ಮಾಡಿದ ಮೊದಲ ಕೆಲಸ ಅದು. ಅವರು ಮಾತು ಕೊಟ್ಟ ಮೂರು ಕಡ್ಡಿಗಳು ಅದರೊಳಗಿದ್ದವು. ಅವರಿಂದ ನನಗೆ ಉಳಿದ, ಇನ್ನೂ ಕೆಡಬಹುದಾದ, ಇನ್ನೂ ಉಳಿಸಬಹುದಾದ ವಸ್ತು ಅದೊಂದೇ ಅನ್ನಿಸಿತು.

ಹುಬ್ಬಳ್ಳಿಯಿಂದ ಅವರ ಜೊತೆಗಾರರೊಬ್ಬರು ಬಂದಿದ್ದರು, ಅದೇ ಕೆಲಸ ಮಾಡುವವರು. ನನಗೆ ವೈನಿ, ಅಂದರೆ ಅತ್ತಿಗೆ, ಎನ್ನುತ್ತಾರೆ. ವಿಷಯ ಕೇಳಿ ಆಗಲೇ ಹೋಗಿ, ಸಂಜೆಯೊಳಗೆ ತಮ್ಮ ಕ್ಯಾನು ತಂದು ನಮ್ಮದಕ್ಕೆ ಸುರುವಿದರು. ಬಿಸಿ ಕಾವಲಿಗೆ ನೀರು ಬಿದ್ದ ಹಾಗೆ ಚುರ್ರೆಂದಿತು.

"ಜೀವಂತ ಅದಾವೋ ಇಲ್ಲೋ, ಹೆಂಗ ತಿಳೀತೈತಿ?" ಎಂದೆ.

"ಒಂದ ಕಡ್ಡಿ ಕರಗಿಸಿ ಸೂಕ್ಷ್ಮದರ್ಶಕದಾಗ ನೋಡಬೇಕ್ರಿ ವೈನಿ. ಓಡ್ಯಾಡತಿದ್ರ ಜೀವಂತ. ಆದ್ರ ಕರಗಿಸಿದ್ದು ಮತ್ತ ಇಡಾಕ ಬರಂಗಿಲ್ಲ. ನೋಡಿದ್ರ ಒಂದು ಹೋತು."

"ನೋಡೂದ ಬ್ಯಾಡ."

"ನೋಡದ ಹಾಕಿದ್ರ, ಸತ್ತಿದ್ರ ಎಮ್ಮಿದೊಂದು ಬೆದಿ ದಂಡ ಆಗತೈತಿ."

"ಅವರಿದ್ದಿದ್ರ ಏನ ಮಾಡತಿದ್ರು?"

ಜೊತೆಗಾರರು ಬೂಚು ಹಾಕುತ್ತ, "ಅವ ಚೆಲ್ಲಾಕ ಬಿಡತಿರಲಿಲ್ರಿ" ಎಂದರು. ಅದು ಖರೆ. ನೋಡುವುದು ಬೇಡ ಎಂದೇ ಆಯಿತು.

*

ದೊಡ್ಡವ್ವ ಹನ್ನೊಂದು ದಿನ ನಮ್ಮಲ್ಲೇ ಇದ್ದರು. ಮರುದಿನದಿಂದ ಕ್ಯಾನಿನ ಪಕ್ಕದಲ್ಲಿ ಚಾಪೆ ಹಾಕಿಕೊಂಡು ಕುಳಿತರು. ಮಾತಾಡಿಸಲು ಬಂದವರಲ್ಲಿ ಯಾರಾದರೂ ಬೂಚಿನ ಕಡೆ ಕೈ ಚಾಚಿದರೆ, "ಮುಟ್ಟಬ್ಯಾಡ್ರಿ, ಅದು ಅವನ ಕೆಲಸದ್ದು" ಎನ್ನುತ್ತಿದ್ದರು. ಪ್ರತಿ ಮುಂಜಾನೆ ಮಗಳು ಪಟ್ಟಿ ಇಳಿಸುವಾಗ, "ಎಷ್ಟೈತಿ?" ಎಂದು ಕೇಳುತ್ತಿದ್ದರು. ನಾನು ಕ್ಯಾಲೆಂಡರಿನಲ್ಲಿ ಬರೆಯುತ್ತಿದ್ದೆ.

ಆ ದಿನಗಳಲ್ಲೇ ಮಗಳು ತನ್ನ ರಸಾಯನಶಾಸ್ತ್ರದ ಪುಸ್ತಕ ತಂದು ನನ್ನ ಎದುರು ಕುಳಿತಳು. ಅವಳಿಗೆ ಅಳು ಬರುತ್ತಿರಲಿಲ್ಲ. ಓದುತ್ತೇನೆ ಕೇಳು ಎಂದಳು. ಪುಸ್ತಕ ಇಂಗ್ಲಿಷಿನದು. ಅವಳು ಓದಿ ಓದಿ ನಮ್ಮ ಮಾತಿನಲ್ಲಿ ಹೇಳಿದಳು. ಅನಿಲಗಳ ಪಾಠ.

ಮೊದಲು ಪುಸ್ತಕ ಒಂದು ಆದರ್ಶ ಅನಿಲವನ್ನು ಕಲ್ಪಿಸುತ್ತದೆ. ಅದರ ಅಣುಗಳಿಗೆ ಮೈ ಇಲ್ಲ, ಬರೀ ಚುಕ್ಕೆಗಳು. ಒಂದಕ್ಕೊಂದು ಸೆಳೆತವೂ ಇಲ್ಲ. ಹಾಯುತ್ತವೆ, ಡಿಕ್ಕಿ ಹೊಡೆಯುತ್ತವೆ, ಬೇರೆ ಕಡೆಗೆ ಹೋಗುತ್ತವೆ, ಯಾರ ನೆನಪೂ ಇಲ್ಲದವರ ಹಾಗೆ.

ದೊಡ್ಡವ್ವ ಚಾಪೆಯ ಮೇಲಿಂದ ಕೇಳಿದರು. "ಮೈ ಇಲ್ಲ, ಜಾಗಾ ಬ್ಯಾಡ, ಮಗ್ಗಲದಾವ್ರು ಬ್ಯಾಡ. ಅಂಥಾವು ಎಲ್ಲಿ ಅದಾವ ಬಾಳಾ?"

"ಎಲ್ಲೂ ಇಲ್ಲ ಆಯಿ. ಲೆಕ್ಕಾ ಮಾಡಾಕ ಹಂಗ ಅಂದ್ಕೊಂಡಿರ್ತಾರ."

"ಹಂಗಂದ್ರ ಸುಳ್ಳ ಕಲಸ್ತಾರ ನಿಮಗ."

"ಮೊದಲ ಸುಳ್ಳ ಕಲಸಿ ಆಮ್ಯಾಲ ಖರೇದು ಹೇಳ್ತಾರ."

ಖರೆಯದು ಎರಡನೆಯ ಭಾಗದಲ್ಲಿತ್ತು. ನಿಜವಾದ ಅನಿಲದ ಅಣುಗಳಿಗೆ ಮೈ ಇದೆ, ಎಷ್ಟು ಸಣ್ಣದಾದರೂ ಅದು ಜಾಗ ಹಿಡಿಯುತ್ತದೆ. ಮತ್ತು ಸೆಳೆತ ಇದೆ. ಯಾವ ಅನಿಲದಲ್ಲಾದರೂ ಇದೆ. ನೈಟ್ರೋಜನ್ನಿನಂಥ, ಯಾವುದರ ಜೊತೆಗೂ ಸುಲಭಕ್ಕೆ ಕೂಡದ ಅನಿಲದಲ್ಲೂ ಇದೆ. ಅಣುವಿನ ಸುತ್ತ ಇರುವ ಎಲೆಕ್ಟ್ರಾನುಗಳು ಒಂದು ಕ್ಷಣ ಒಂದು ಕಡೆಗೆ ವಾಲುತ್ತವೆ. ವಾಲಿದ್ದನ್ನು ಪಕ್ಕದ ಅಣು ಅರಿತ ಹಾಗೆ ತಾನೂ ವಾಲುತ್ತದೆ. ಆ ಕ್ಷಣ ಎರಡರ ನಡುವೆ ಒಂದು ತೆಳ್ಳನೆಯ ಸೆಳೆತ. ಮರುಕ್ಷಣ ಅದು ಅಳಿದು, ಇನ್ನೊಂದು ಹುಟ್ಟುತ್ತದೆ. ಒಂದೊಂದೂ ನಿಲ್ಲುವುದಿಲ್ಲ, ಆದರೆ ಸೆಳೆತ ಎಂಬುದು ನಿಲ್ಲುವುದೇ ಇಲ್ಲ. ಇದನ್ನು ಕಂಡುಕೊಂಡವರ ಹೆಸರುಗಳನ್ನೂ ಮಗಳು ಓದಿದಳು. ನನ್ನ ನಾಲಿಗೆಗೆ ಅವು ಹತ್ತಲಿಲ್ಲ.

"ಹಂಗಿದ್ರ ಈ ಗಾಳಿ ಯಾಕ ಕೂಡಿ ನೀರಾಗವಲ್ದು?" ಎಂದು ಈ ಸಲ ಕೇಳಿದವಳು ನಾನು.

"ಬಿಸಿ ಇರ್ತೈತವ್ವಾ. ನಮಗ ಥಂಡಿ ಅನಿಸಿದ್ರೂ ಅವಕ್ಕ ಭಾಳ ಬಿಸಿ. ಅಷ್ಟ ಜೋರ ಓಡಾಕತ್ತಿರತಾವು, ಸೆಳೆತಕ್ಕ ಸಿಗಂಗಿಲ್ಲ. ತಣ್ಣಗ ಮಾಡಿದ್ರ ಓಟ ಕಡಿಮಿ ಆಗತೈತಿ. ಆಗ ಸೆಳೆತ ಗೆಲ್ಲತೈತಿ."

ಒಗ್ಗರಣೆ ಹೊತ್ತುತ್ತಿದ್ದಾಗ ನಾನು ಕೇಳದೆ ಬಿಟ್ಟ ಪ್ರಶ್ನೆಗೆ ಉತ್ತರ ಅದರಲ್ಲಿತ್ತು. ಅಡುಗೆಯ ಗ್ಯಾಸಿನ ಅಣು ದೊಡ್ಡದು, ಸೆಳೆತ ಹೆಚ್ಚು, ಅದಕ್ಕೇ ಒತ್ತಿದರೆ ಸಾಕು. ನೈಟ್ರೋಜನ್ನಿನ ಸೆಳೆತ ಕಡಿಮೆ. ಮೊದಲು ಅದರ ಓಟ ನಿಧಾನವಾಗಬೇಕು.

ಅದನ್ನು ತಣ್ಣಗೆ ಮಾಡುವ ರೀತಿ ಕೇಳಿ ನಾನು ಇನ್ನೂ ಬೆರಗಾದೆ. ಗಾಳಿಯನ್ನು ಬಲವಾಗಿ ಒತ್ತಿ, ಆಗ ಏಳುವ ಕಾವನ್ನು ತೆಗೆದು, ಸಣ್ಣ ಕಿಂಡಿಯಿಂದ ಅಗಲವಾದ ಜಾಗಕ್ಕೆ ಬಿಡುತ್ತಾರೆ. ಹತ್ತಿರ ಬಂದಿದ್ದ ಅಣುಗಳು ಒಂದರಿಂದೊಂದು ದೂರ ಹೋಗಬೇಕಾಗುತ್ತದೆ. ಆ ಸೆಳೆತವನ್ನು ಬಿಡಿಸಿಕೊಂಡು ಹೋಗಲು ತಮ್ಮ ಓಟವನ್ನೇ ಖರ್ಚು ಮಾಡುತ್ತವೆ. ಅದಕ್ಕೇ ತಣ್ಣಗಾಗುತ್ತವೆ. ಮತ್ತೆ ಒತ್ತಿ, ಮತ್ತೆ ಬಿಟ್ಟು, ಮತ್ತೆ ಮತ್ತೆ ಹಾಗೇ ಮಾಡಿ ಕೊನೆಗೆ ಗಾಳಿ ಹನಿಯಾಗುತ್ತದೆ. ಸೆಳೆತವೇ ಇಲ್ಲದಿದ್ದರೆ ಹಾಗೆ ಬಿಟ್ಟ ಗಾಳಿ ತಣ್ಣಗಾಗುತ್ತಲೂ ಇರಲಿಲ್ಲ, ಎಷ್ಟು ತಣ್ಣಗೆ ಮಾಡಿದರೂ ಹನಿಯಾಗುತ್ತಲೂ ಇರಲಿಲ್ಲ. ಆ ಕ್ಯಾನು ಇರುತ್ತಿರಲಿಲ್ಲ. ನಮ್ಮ ಮನೆಯ ಹದಿನೆಂಟು ವರ್ಷದ ಅನ್ನ ಆ ಸೆಳೆತದಿಂದ ಬಂದದ್ದು, ನನಗೆ ಗೊತ್ತೇ ಇರಲಿಲ್ಲ.

"ದೂರ ಆದ್ರ ಸೆಳೆತ ಏನಾಗತೈತಿ?" ಎಂದೆ.

ಮಗಳು ಹಾಳೆಯ ಅಂಚಿನಲ್ಲಿ ಎರಡನ್ನು ಆರು ಸಲ ಬರೆದು ಗುಣಿಸಿದಳು. "ದೂರ ಎರಡ ಪಟ್ಟ ಆದ್ರ ಆ ಸೆಳೆತದ ಶಕ್ತಿ ಅರವತ್ನಾಕರಾಗ ಒಂದ ಪಾಲ ಉಳೀತೈತಿ. ಭಾಳ ಲಗೂ ಕಡಿಮಿ ಆಗತೈತವ್ವಾ. ಆದ್ರ ಪೂರ್ತಿ ಸೊನ್ನಿ ಆಗಂಗಿಲ್ಲ."

ಬೂಚಿನ ಸಂದಿಯಿಂದ ಬೆಳ್ಳನೆಯ ಎಳೆ ಇಳಿಯುತ್ತಿತ್ತು. ಬಾಗಿಲಿನಿಂದ ಬಂದ ಬಿಸಿಲಿನಲ್ಲಿ ಅದು ಕಂಡು, ಎರಡು ಗೇಣು ಹೋಗಿ, ಕಾಣದಾಯಿತು. ಪಡಸಾಲೆಯ ತುಂಬ, ನಮ್ಮ ಮೂವರ ಸುತ್ತಲೂ, ಲೆಕ್ಕಕ್ಕೆ ಸಿಗದಷ್ಟು ಅಣುಗಳು ಓಡುತ್ತಿದ್ದವು. ಹಾಯುವಾಗ ಒಂದನ್ನೊಂದು ಒಂದಿಷ್ಟು ಎಳೆದು, ಬಿಟ್ಟು, ಓಡುತ್ತಿದ್ದವು. ನಾನು ನಲವತ್ತೆರಡು ವರ್ಷ ಅದರೊಳಗೇ ಇದ್ದವಳು. ಕೈಯನ್ನು ಗಾಳಿಯಲ್ಲಿ ಮೆಲ್ಲಗೆ ಆಡಿಸಿ ನೋಡಿದೆ. ದೊಡ್ಡವ್ವ ನನ್ನ ಕೈಯನ್ನೇ ನೋಡುತ್ತಿದ್ದರು.

*

ಮುಗದದ ಮುದುಕಿ ಐದನೆಯ ದಿನ ಬಂದಿದ್ದಳು. ನನ್ನ ಕೈ ಹಿಡಿದು ಬಹಳ ಹೊತ್ತು ಕುಳಿತಳು. ಎಮ್ಮೆಯ ಮಾತು ಎತ್ತಲಿಲ್ಲ. ಹೋಗುವಾಗ ಮೂರು ಕಡ್ಡಿಗಳ ವಿಷಯ ನಾನೇ ಹೇಳಿದೆ, ಕ್ಯಾನು ಚೆಲ್ಲಿದ ಕಥೆಯನ್ನೂ ಸೇರಿಸಿ. "ಇದ್ರ ಇರ್ತಾವು, ಇಲ್ಲದಿದ್ರ ಇಲ್ಲ, ತಂಗಿ. ಡಾಕ್ಟರ್ ಸಾಹೇಬ್ರು ಇಟ್ಟದ್ದನ್ನ ಹಾಕೂಣು" ಎಂದಳು.

ಒಂದು ತಿಂಗಳ ನಂತರ ಒಂದು ಮುಂಜಾನೆ ಫೋನ್ ಬಂತು. ಎಮ್ಮೆ ಬೆದೆಗೆ ಬಂದಿತ್ತು, ಈ ಸಲ ಖರೆ. ಜೊತೆಗಾರರು ಅಳ್ನಾವರದ ಕಡೆ ಇದ್ದರು. ಅಲ್ಲಿಂದ ನೆಟ್ಟಗೆ ಮುಗದಕ್ಕೆ ಬರುತ್ತೇನೆ, ಕ್ಯಾನು ತನ್ನಿ ಎಂದರು. ನನಗೆ ಬೈಕು ಬಾರದು. ಕ್ಯಾನನ್ನು ಎತ್ತಿಕೊಂಡು ಬಸ್ಸು ಹತ್ತಿ, ಬಾಗಿಲ ಹತ್ತಿರದ ಸೀಟಿನಲ್ಲಿ ಕುಳಿತು, ಕಿಟಕಿ ಸರಿಸಿ, ಎರಡು ಕಾಲುಗಳ ನಡುವೆ ಇಟ್ಟುಕೊಂಡೆ.

ಕಂಡಕ್ಟರ್ ಬಂದವನು ಕ್ಯಾನನ್ನೇ ನೋಡುತ್ತ ನಿಂತ. "ಅಕ್ಕಾರ, ಏನ್ರಿ ಅದು, ಹೊಗಿ ಬರಾಕತ್ತೈತಿ?"

"ಹೊಗಿ ಅಲ್ಲಪ್ಪಾ, ಮಂಜು. ಒಳಗ ಎಮ್ಮಿ ಗಬ್ಬ ಕಟ್ಟಿಸೂ ಸೂಜೀದು ಐತಿ."

"ಒಡ್ಯೂದಿಲ್ಲ ಹೌದಲ್ರಿ?"

"ಬೂಚ ಗಟ್ಟಿ ಹಾಕಿಲ್ಲ. ಗಟ್ಟಿ ಹಾಕಿದ್ರ ಒಡೀತೈತಿ."

ಹಿಂದಿನ ಸೀಟಿನ ಹೆಂಗಸು, "ಮತ್ತ ಗಟ್ಟಿ ಹಾಕಬ್ಯಾಡ್ರಿ ಮಾರಾಯ್ತಿ" ಎಂದಳು. ಬಸ್ಸಿನವರು ನಕ್ಕರು. ನಾನೂ ನಕ್ಕೆ. ಒಂದು ತಿಂಗಳಾಗಿತ್ತು ನಕ್ಕು.

ಜೊತೆಗಾರರು ಒಂದು ಕಡ್ಡಿಯನ್ನು ಚಿಮಟದಿಂದ ಎತ್ತಿ, ಉಗುರು ಬೆಚ್ಚಗಿನ ನೀರಿನಲ್ಲಿ ಅರ್ಧ ನಿಮಿಷ ಹಿಡಿದು, ಒರೆಸಿ, ಕೆಲಸ ಮುಗಿಸಿದರು. ಮುದುಕಿ ಎಮ್ಮೆಯ ಬೆನ್ನು ಸವರುತ್ತ ನಿಂತಿದ್ದಳು. ಮತ್ತೆ ಬೆದೆಗೆ ಬರುತ್ತದೋ ಎಂದು ಇಪ್ಪತ್ತೊಂದು ದಿನ ಕಾಯಬೇಕು. ಇಪ್ಪತ್ತೆರಡನೆಯ ದಿನ ಎಮ್ಮೆ ಮತ್ತೆ ಒದರಿತು. ಗರ್ಭ ನಿಂತಿರಲಿಲ್ಲ.

ಆ ದಿನ ನಾನು ದೊಡ್ಡವ್ವನಿಗೆ ಫೋನಿನಲ್ಲಿ ಹೇಳಬಾರದಿತ್ತು. ಹೇಳಿದೆ. ದೊಡ್ಡವ್ವ, "ನನ್ನ ಕೈಯಾರೆ ಕೊಂದ್ನಿ" ಎಂದರು. ಜೊತೆಗಾರರು ಮಾತ್ರ, "ವೈನಿ, ಜೀವಂತ ಇದ್ದದ್ದನ್ನ ಹಾಕಿದ್ರೂ ಒಂದ ಸಲಕ್ಕ ನಿಲ್ಲೂದು ಕಡಿಮಿ. ಇದರಿಂದ ಏನೂ ತಿಳಿಯಂಗಿಲ್ಲ" ಎಂದರು. ಅದೇ ದಿನ ಎರಡನೆಯ ಕಡ್ಡಿ ಹಾಕಿದೆವು. ನಾನು ಮತ್ತೆ ಬಸ್ಸಿನಲ್ಲೇ ಹೋಗಿದ್ದೆ. ಅದೇ ಕಂಡಕ್ಟರ್, "ಬರ್ರಿ, ಮಂಜಿನ ಅಕ್ಕಾರ" ಎಂದು ಜಾಗ ಬಿಡಿಸಿಕೊಟ್ಟ.

ಇಪ್ಪತ್ತೊಂದು ದಿನ ಕಳೆದವು, ಇಪ್ಪತ್ತೆರಡು, ಮೂವತ್ತು. ಎಮ್ಮೆ ಒದರಲಿಲ್ಲ. ಮೂರು ತಿಂಗಳಿಗೆ ಜೊತೆಗಾರರು ಕೈ ಹಾಕಿ ನೋಡಿ, "ಗಬ್ಬ ಐತ್ರಿ" ಎಂದರು.

ಮುದುಕಿ ಎಮ್ಮೆಯ ಕೊರಳಿಗೆ ಮುಖ ಒತ್ತಿ ನಿಂತಳು. ನಾನು ದೊಡ್ಡವ್ವನಿಗೆ ಫೋನ್ ಮಾಡಿದೆ. ಆ ಕಡೆ ಅಳುವ ಸಪ್ಪಳ, ಆಮೇಲೆ, "ಎಷ್ಟೈತಿ ಈಗ ಕ್ಯಾನಿನಾಗ?"

"ಐದ ಇಂಚ ಐತ್ರಿ. ಇನ್ನೊಂದ ಕಡ್ಡಿ ಉಳದೈತಿ."

"ಇರಲಿ, ಆರಗೊಡಬ್ಯಾಡ."

ಕ್ಯಾನಿನ ಬಾಯಿಯ ತನಕ ಜಾರಿ ಬಂದು, ಹೊರಗಿನ ಬಿಸಿಗಾಳಿ ತಾಗಿಯೂ ಆ ಬೀಜ ಬದುಕಿತ್ತು. ಒಂದು ಕೋಣ ಸತ್ತು ಮಣ್ಣಾಗಿ ವರ್ಷದ ಮೇಲಾಗಿತ್ತು. ಇಟ್ಟವರೂ ಮಣ್ಣಾಗಿದ್ದರು. ನಡುವೆ ಇದ್ದದ್ದು ಬೇರೇನೂ ಅಲ್ಲ, ತಣ್ಣಗೆ ಕೂಡಿ ನಿಂತ ಒಂದಿಷ್ಟು ಗಾಳಿ. ದೇವರ ಬಗ್ಗೆ ನಾನು ಹೆಚ್ಚು ಯೋಚಿಸುವವಳಲ್ಲ. ಆದರೆ ಅಂದು ಮುಗದದಿಂದ ಬರುವಾಗ ಬಸ್ಸಿನ ಕಿಟಕಿಯಿಂದ ಮುಖಕ್ಕೆ ಬೀಸಿದ ಗಾಳಿಯಲ್ಲಿ ಕೈ ಮುಗಿಯಬೇಕು ಅನ್ನಿಸಿತು. ಎರಡೂ ಕೈ ಕ್ಯಾನಿನ ಮೇಲಿದ್ದವು. ತಲೆ ಬಾಗಿಸಿದೆ.

ಮುಂದಿನ ದೀಪಾವಳಿ ಮುಗಿದ ಮೇಲೆ ಎಮ್ಮೆ ಈಯಿತು. ಹೆಣ್ಣುಗರು. ಮುದುಕಿಯೇ ಗಿಣ್ಣದ ಹಾಲು ತಂದು, ನೋಡಲು ಬಾ ಎಂದು ಕರೆದುಕೊಂಡು ಹೋದಳು. ಮಗಳೂ ಬಂದಳು. ಕರು ಕಾಲು ಅಗಲಿಸಿಕೊಂಡು ನಿಂತಿತ್ತು, ಮೈಮೇಲಿನ ಕೂದಲು ಇನ್ನೂ ಅಂಟಿಕೊಂಡಿತ್ತು. ಮೂಗಿನಿಂದ ಬಿಸಿ ಉಸಿರು ನನ್ನ ಅಂಗೈಗೆ ಬಂತು.

"ಸಾಹೇಬ್ರು ಕರಾ ನೋಡಿ ಹೇಳತಿದ್ರು, ಇದು ಛಲೋ ಆಗತೈತಿ, ಇದು ಆಗಂಗಿಲ್ಲ ಅಂತ," ಎಂದಳು ಮುದುಕಿ. "ನೀ ನೋಡಿ ಹೇಳ ತಂಗಿ, ಹೆಂಗೈತಿ?"

ನಾನು ಕರುವಿನ ಎದುರು ಕುಳಿತೆ. ಕಿವಿ ನೋಡಿದೆ, ಗೊರಸು ನೋಡಿದೆ, ಬೆನ್ನಿನ ಮೇಲೆ ಕೈ ಆಡಿಸಿದೆ. ಛಲೋ ಐತಿ ಎಂದೆ. ಅದು ಅವಳಿಗಾಗಿ ಹೇಳಿದ್ದು. ಹುಟ್ಟಿದ ಕರುವಿನಲ್ಲಿ ಅವರು ಮೊದಲು ಏನನ್ನು ನೋಡುತ್ತಿದ್ದರು ಎಂದು ನಾನು ಯಾವತ್ತೂ ಕೇಳಿರಲಿಲ್ಲ. ಅದು ನನಗೆ ಗೊತ್ತಿಲ್ಲ.